ಗೃಹಸ್ಥರಿಗೆ ನಾಲ್ಕು ಮಾತು: ಟರ್ಬೊ ಕಾರಿನ ಎಣ್ಣೆಯ ಲೆಕ್ಕ

ಕಾರನ್ನು ಇಟ್ಟುಕೊಂಡಿರುವ ಗೃಹಸ್ಥರಲ್ಲಿ ಅನೇಕರು, ಒಂದು ಸರ್ವೀಸಿನಿಂದ ಇನ್ನೊಂದು ಸರ್ವೀಸಿನವರೆಗೆ ಎಂಜಿನ್ನಿನ ಎಣ್ಣೆಯ ಯೋಚನೆಯೇ ಬೇಡವೆಂದು ನಿಶ್ಚಿಂತರಾಗಿರುವರು. ಟರ್ಬೊ ಅಳವಡಿಸಿದ ಕಾರುಗಳ ವಿಷಯದಲ್ಲಿ ಈ ನಿಶ್ಚಿಂತೆಯು ಹಾನಿಕರವೆಂದು ನಾವು ಅರಿಕೆ ಮಾಡಬೇಕಾಗಿದೆ.

ಟರ್ಬೊ ಎಂಬುದು ಸ್ವಿಟ್ಜರ್ಲೆಂಡಿನ ಎಂಜಿನಿಯರಾದ ಆಲ್ಫ್ರೆಡ್ ಬ್ಯೂಖಿಯವರು 1905ರಲ್ಲಿ ಪೇಟೆಂಟು ಪಡೆದ ಯುಕ್ತಿಯಿಂದ ಬೆಳೆದು ಬಂದುದು. ಎಂಜಿನ್ನಿನಿಂದ ಹೊರಬೀಳುವ ಬಿಸಿಹೊಗೆಯು ಒಂದು ಚಕ್ರವನ್ನು ತಿರುಗಿಸುವುದು. ಅದೇ ದಂಡಕ್ಕೆ ಜೋಡಿಸಿದ ಮತ್ತೊಂದು ಚಕ್ರವು ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುವುದು. ಚಿಕ್ಕ ಎಂಜಿನ್ನಿಗೆ ದೊಡ್ಡದರ ಬಲ ಬರುವುದು ಇದರಿಂದಲೇ. ಆ ದಂಡವು ನಿಮಿಷಕ್ಕೆ 1 ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುವುದುಂಟು. ಸಾಮಾನ್ಯವಾಗಿ ಅದನ್ನು ಹೊತ್ತಿರುವುದು ಎಂಜಿನ್ನಿನಿಂದ ಹರಿದುಬರುವ ಎಣ್ಣೆಯ ತೆಳುಪದರವೊಂದೇ. ಎಣ್ಣೆಯು ಸಾಲದೆಹೋದರೆ ಟರ್ಬೊ ಬಹುಬೇಗ ಕೆಡುವುದು. ಹೊಸದನ್ನು ಹಾಕಿಸುವ ವೆಚ್ಚವೂ ಅಲ್ಪವಲ್ಲ.

ಎಣ್ಣೆಯು ತುಸುತುಸುವಾಗಿ ಇಳಿಯುವುದು ತಾನೇ ದೋಷವಲ್ಲ. ಪಿಸ್ಟನ್ ರಿಂಗುಗಳನ್ನು ದಾಟಿದ ಸ್ವಲ್ಪ ಎಣ್ಣೆಯು ಪೆಟ್ರೋಲಿನೊಡನೆ ಉರಿದುಹೋಗುವುದು ಸಹಜ. ಕೆಲವು ತಯಾರಕರು 1000 ಕಿಲೋಮೀಟರಿಗೆ ಅರ್ಧ ಲೀಟರಿನವರೆಗೆ ವೆಚ್ಚವಾಗಬಹುದೆಂದು ಕೈಪಿಡಿಯಲ್ಲಿಯೇ ಬರೆದಿರುವರು. ಆದರೆ ಲೆಕ್ಕ ಹಾಕಿ ನೋಡಿರಿ: ಆ ಪ್ರಕಾರ 10,000 ಕಿಲೋಮೀಟರಿಗೆ 5 ಲೀಟರಾಯಿತು. ಚಿಕ್ಕ ಕಾರಿನ ಎಂಜಿನ್ನು ಹಿಡಿಯುವುದೇ ಸುಮಾರು 4 ಲೀಟರು! ದೋಷವಿಲ್ಲದ ಎಂಜಿನ್ನೂ ನಡುವೆ ಎಣ್ಣೆ ತುಂಬದಿದ್ದರೆ ಬರಿದಾಗಬಹುದೆಂಬುದು ಇದರಿಂದ ಸ್ಪಷ್ಟ.

ಆದಕಾರಣ ತಿಂಗಳಿಗೊಮ್ಮೆಯೂ ದೂರಪ್ರಯಾಣಕ್ಕೆ ಮುಂಚೆಯೂ ಕಾರನ್ನು ಸಮನೆಲದಲ್ಲಿ ನಿಲ್ಲಿಸಿ, ಕೈಪಿಡಿಯಲ್ಲಿ ಹೇಳಿದಷ್ಟು ಹೊತ್ತು ತಡೆದು, ಡಿಪ್‌ಸ್ಟಿಕ್ಕನ್ನು ಒರಸಿ ಮತ್ತೆ ಅದ್ದಿ ನೋಡತಕ್ಕದ್ದು. ಎಣ್ಣೆಯು ಎರಡು ಗುರುತುಗಳ ನಡುವೆ ಇರಬೇಕು. ಮೇಲಿನ ಗುರುತನ್ನು ಮೀರಿ ತುಂಬುವುದೂ ಕೆಡುಕೇ. ತುಂಬಿದ ಅಳತೆಯನ್ನೂ ಅಂದಿನ ಕಿಲೋಮೀಟರನ್ನೂ ಮನೆಯ ಲೆಕ್ಕದ ಪುಸ್ತಕದಲ್ಲಿ ಬರೆದಿಡಿರಿ. ವಾರಂಟಿಯ ಮಾತು ಬಂದಾಗ ಆ ಬರಹವು ನಿಮ್ಮ ಪರವಾಗಿ ಸಾಕ್ಷಿ ನುಡಿಯುವುದು.

ವೆಚ್ಚವು ದಿನೇ ದಿನೇ ಏರಿದರೆ, ಅಥವಾ ನೀಲಿಹೊಗೆ ಕಂಡರೆ, ತಡಮಾಡದೆ ಪರೀಕ್ಷೆ ಮಾಡಿಸಿರಿ. ಟರ್ಬೊವನ್ನೇ ಬದಲಾಯಿಸಬೇಕೆಂದು ಮೆಕ್ಯಾನಿಕ್ಕನು ಹೇಳಿದರೆ, ಪಿ.ಸಿ.ವಿ. ವಾಲ್ವನ್ನೂ ಟರ್ಬೊವಿನಿಂದ ಎಣ್ಣೆ ಹಿಂದಿರುಗುವ ಕೊಳವೆಯನ್ನೂ ಪರೀಕ್ಷಿಸಿದಿರಾ ಎಂದು ಮೊದಲು ಕೇಳಿರಿ. ಇವು ಕಟ್ಟಿಕೊಂಡರೆ ಒಳ್ಳೆಯ ಟರ್ಬೊ ಸಹ ಎಣ್ಣೆಯನ್ನು ಹೊರಚೆಲ್ಲುವುದು.

ಎಣ್ಣೆಯ ಗಿಂಡಿಯ ಚಿತ್ರವುಳ್ಳ ಕೆಂಪು ದೀಪವನ್ನು ನಂಬಿ ಕುಳಿತಿರುವುದು ಸಲ್ಲದು. ಅದು ಸೂಚಿಸುವುದು ಎಣ್ಣೆಯ ಮಟ್ಟವನ್ನಲ್ಲ, ಒತ್ತಡವು ಕುಸಿದುದನ್ನು. ಅದು ಹೊತ್ತಿದೊಡನೆಯೇ ಕಾರನ್ನು ಪಕ್ಕಕ್ಕೆ ತಂದು ಎಂಜಿನ್ನನ್ನು ನಿಲ್ಲಿಸತಕ್ಕದ್ದು. ದೇವರ ದೀಪಕ್ಕೆ ಎಣ್ಣೆ ಇದೆಯೇ ಎಂದು ಆರುವ ಮುನ್ನವೇ ನೋಡುವ ಗೃಹಸ್ಥರಿಗೆ ಇದನ್ನು ಹೆಚ್ಚಾಗಿ ಹೇಳಬೇಕಾದುದಿಲ್ಲ.