ಇಂಟರ್‌ಕೂಲರ್: ಉಪಾದಾನವೋ, ನಿಮಿತ್ತವೋ?

ಮಡಕೆಯಾಗಬೇಕಾದರೆ ಮಣ್ಣೂ ಬೇಕು, ಚಕ್ರವನ್ನು ತಿರುಗಿಸುವ ಕೋಲೂ ಬೇಕು. ಆದರೆ ಕೋಲನ್ನು ದಪ್ಪಮಾಡಿದ ಮಾತ್ರಕ್ಕೆ ಮಡಕೆ ದೊಡ್ಡದಾಗದು. ಮಣ್ಣು ಉಪಾದಾನ, ಕೋಲು ನಿಮಿತ್ತ ಎಂದು ನಮ್ಮ ಶಾಸ್ತ್ರಕಾರರು ಮಾಡಿದ ವಿಭಾಗವು ಮೋಟಾರು ವಾಹನಗಳ ವಿಷಯದಲ್ಲಿಯೂ ಉಪಯೋಗಕ್ಕೆ ಬರುವುದು. ಕಾಡುಮೇಡುಗಳಲ್ಲಿ ಓಡುವ ಡೀಸೆಲ್ ವಾಹನಕ್ಕೆ ದೊಡ್ಡ ಇಂಟರ್‌ಕೂಲರನ್ನು ಜೋಡಿಸಿದರೆ ಬಲ ಹೆಚ್ಚುವುದೆಂಬ ಮಾತು ಆಗಾಗ ಕೇಳಿಬರುವುದರಿಂದ ಈ ತಿಂಗಳು ನಾವು ಅದನ್ನೇ ವಿಚಾರಮಾಡುವೆವು.

ಡೀಸೆಲ್ ಎಂಜಿನ್ನಿನ ಬಲಕ್ಕೆ ಮೂಲವು ಇಂಧನ. ಅದು ಚೆನ್ನಾಗಿ ಉರಿಯಲು ಗಾಳಿ ಬೇಕು. ಹೆಚ್ಚು ಗಾಳಿಯನ್ನು ಒತ್ತಿ ತುಂಬುವುದಕ್ಕಾಗಿ ಟರ್ಬೊ ಎಂಬ ಯಂತ್ರವುಂಟು. ಸ್ವಿಟ್ಜರ್‌ಲೆಂಡಿನ ಆಲ್ಫ್ರೆಡ್ ಬ್ಯೂಖಿ ಎಂಬಾತನ 1905ರ ಪೇಟೆಂಟು ಇದಕ್ಕೆ ಮೂಲ. ಆದರೆ ಒತ್ತಿದ ಗಾಳಿ ಕಾಯುವುದು ಪ್ರಕೃತಿನಿಯಮ. ಸೈಕಲ್ಲಿಗೆ ಗಾಳಿ ಹಾಕಿದವರೆಲ್ಲರೂ ಪಂಪಿನ ಬುಡ ಬಿಸಿಯಾಗುವುದನ್ನು ಬಲ್ಲರು. 30 ಡಿಗ್ರಿಯ ಗಾಳಿಯನ್ನು ಇಮ್ಮಡಿ ಒತ್ತಡಕ್ಕೆ ತಂದರೆ ಅದು ಸುಮಾರು 120 ಡಿಗ್ರಿಗೇರುವುದು. ಕಾದ ಗಾಳಿ ಹಿಗ್ಗಿ ತೆಳುವಾಗುವುದು. ಅದನ್ನು ದಾರಿಯಲ್ಲಿಯೇ ತಣಿಸಿ ಸಾಂದ್ರಗೊಳಿಸುವ ಉಪಕರಣವೇ ಇಂಟರ್‌ಕೂಲರ್.

ಈ ಉಪಕರಣವು ಎಲ್ಲಿರುವುದೆಂಬುದು ಮುಖ್ಯ. 2007ರಲ್ಲಿ ಆಸ್ಟ್ರೇಲಿಯಾಕ್ಕೆ ಬಂದ ಟೊಯೊಟಾ ಲ್ಯಾಂಡ್ ಕ್ರೂಸರ್ 70ರ ಎಂಟು ಸಿಲಿಂಡರುಗಳ 4.5 ಲೀಟರ್ ಡೀಸೆಲ್ ಎಂಜಿನ್ನಿಗೆ ಅದು ಎಂಜಿನ್ನಿನ ನೆತ್ತಿಯ ಮೇಲೆಯೇ ಇದ್ದಿತು. ಬಾನೆಟ್ಟಿನಲ್ಲಿ ತೆರೆದ ಬಾಯಿಯಿಂದ ಅದಕ್ಕೆ ಹೊರಗಿನ ಗಾಳಿ ಒದಗುತ್ತಿದ್ದಿತು. ಹೆದ್ದಾರಿಯ ವೇಗಕ್ಕೆ ಈ ಏರ್ಪಾಡು ಸಾಕು. ಆದರೆ ಅಲ್ಲಿಯ ಸಿಂಪ್ಸನ್ ಮರಳುಗಾಡಿನಲ್ಲಿ ಒಂದರ ಹಿಂದೊಂದಾಗಿ ಸಾವಿರಕ್ಕೂ ಮಿಕ್ಕಿ ಮರಳುದಿಬ್ಬಗಳಿವೆ. ದಿಬ್ಬವೇರುವಾಗ ವೇಗ ಅಲ್ಪ, ಶ್ರಮ ಅಧಿಕ. ಬಾಯಿಗೆ ಗಾಳಿ ನುಗ್ಗದು, ಕೆಳಗಿನಿಂದ ಎಂಜಿನ್ನಿನ ಕಾವು ಮಾತ್ರ ಏರುತ್ತಿರುವುದು. ತಣಿಸಬೇಕಾದುದೇ ಕಾಯುವುದು. ಆದುದರಿಂದ ಕೆಲವರು ಅದನ್ನು ತೆಗೆದು, ರೇಡಿಯೇಟರಿನ ಮುಂದೆ ದೊಡ್ಡದೊಂದನ್ನು ಜೋಡಿಸಿಕೊಳ್ಳುವರು.

ಇದರ ಫಲವೆಷ್ಟು? ಒತ್ತಡ ಒಂದೇ ಆಗಿದ್ದು, 90 ಡಿಗ್ರಿಗೆ ಕಾದಿದ್ದ ಗಾಳಿ 50ಕ್ಕಿಳಿದರೆ ಸಾಂದ್ರತೆ ನೂರಕ್ಕೆ 12ರಷ್ಟು ಹೆಚ್ಚುವುದು. ಮೊದಲೇ 60 ಇದ್ದುದು 50ಕ್ಕಿಳಿದರೆ ನೂರಕ್ಕೆ 3 ಮಾತ್ರ. ಅಂದರೆ ಮರಳಿನಲ್ಲಿ ಲಾಭವುಂಟು. ಹೆದ್ದಾರಿಯಲ್ಲಿಯೇ ಓಡಾಡುವವರಿಗೆ ಬಹುಮಟ್ಟಿಗೆ ವೆಚ್ಚವೇ. ಅಲ್ಲದೆ ಇಂಧನ ಹೆಚ್ಚದೆ ಬಲ ಬಹಳ ಹೆಚ್ಚದು. ಉರಿಯ ಕಾವು ತಗ್ಗಿ ಎಂಜಿನ್ನಿಗೆ ಆಯಾಸ ಕಡಮೆಯಾಗುವುದೇ ನಿಜವಾದ ಫಲ.

ದೋಷಗಳೂ ಉಂಟು. ಮುಂದೆ ನಿಂತ ಇಂಟರ್‌ಕೂಲರ್ ತನ್ನ ಬಿಸಿಯನ್ನು ಹಿಂದಿನ ರೇಡಿಯೇಟರಿಗೆ ದಾಟಿಸುವುದು. ಕೊಳವೆಗಳು ನೀಳವಾಗುವುವು, ಕೀಲುಗಳು ಹೆಚ್ಚುವುವು. ಒಂದು ಕೀಲು ಬಿಚ್ಚಿದರೂ ವಾಹನವು ಕಪ್ಪು ಹೊಗೆ ಉಗುಳುತ್ತ ನಿರ್ಬಲವಾಗುವುದು. ಹೆಂಡಿರುಮಕ್ಕಳನ್ನು ಕೂರಿಸಿಕೊಂಡು, ನೀರು ನೆರಳಿಲ್ಲದ ದಿಬ್ಬಗಳ ನಡುವೆ ಹೀಗಾಗುವುದು ವಿನೋದದ ಮಾತಲ್ಲ. ಕೊಳವೆಯ ತುದಿಗೆ ಉಬ್ಬಂಚು ಇರಬೇಕು, ಪಟ್ಟಿ ಬಿಗಿಯಾಗಿರಬೇಕು, ಎಂಜಿನ್ ಅಲುಗುವಾಗ ಕೊಳವೆ ಯಾವುದಕ್ಕೂ ಉಜ್ಜಬಾರದು. ಹೊರಡುವ ಮುನ್ನ ಕೊಳವೆಗಳಿಗೆ ಗಾಳಿ ತುಂಬಿಸಿ ಸೋರಿಕೆಯನ್ನು ಪರೀಕ್ಷಿಸತಕ್ಕದ್ದು.

ಗೃಹಸ್ಥರಿಗೆ ನಮ್ಮ ಸೂಚನೆಯಿಷ್ಟೆ: ಮೊದಲು ಹಳೆಯದನ್ನು ನೋಡಿರಿ. ಅದರ ರೆಕ್ಕೆಗಳಲ್ಲಿ ಸೇರಿದ ಮಣ್ಣನ್ನು ಮೆಲ್ಲನೆ ತೊಳೆಯಿರಿ, ಒಳಗಣ ಎಣ್ಣೆಯನ್ನು ತೆಗೆಯಿಸಿರಿ, ಸಡಿಲವಾದ ಕೀಲನ್ನು ಬಿಗಿಯಿರಿ. ಬಳಿಕ ತಾಪಮಾಪಕವೊಂದನ್ನಿರಿಸಿ, ನೀವು ಹೋಗುವ ದಾರಿಯಲ್ಲಿ, ನೀವು ಹೊರುವ ಭಾರದೊಡನೆ, ಎಂಜಿನ್ನಿನೊಳಗೆ ಹೋಗುವ ಗಾಳಿಯ ಕಾವನ್ನು ಅಳೆಯಿರಿ. ಅಂಕವು ಹೆಚ್ಚಾಗಿ ಕಂಡಲ್ಲಿ ವೆಚ್ಚಮಾಡುವುದು ಯುಕ್ತ. ಇಲ್ಲವಾದಲ್ಲಿ ಆ ಹಣವು ಮನೆಯಲ್ಲಿಯೇ ಇರಲಿ.