ರಾಜ್ಯದ ಲಾಟರಿ ನಿಷೇಧ ಎಷ್ಟು ಗಟ್ಟಿ?

ಕರ್ನಾಟಕದಲ್ಲಿ ಲಾಟರಿ ನಿಂತದ್ದು 2007ರ ಏಪ್ರಿಲ್ 1ರಂದು. ಆಗ ಎಚ್.ಡಿ. ಕುಮಾರಸ್ವಾಮಿ ಮುಖ್ಯಮಂತ್ರಿ. ಸರ್ಕಾರ ತನ್ನದೇ ಲಾಟರಿಯನ್ನು ಮುಚ್ಚಿತು, ಹೊರರಾಜ್ಯಗಳ ಟಿಕೆಟ್ ಮಾರಾಟವನ್ನೂ ನಿಷೇಧಿಸಿತು. ಆ ಮೊದಲು ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಯಂಥ ಊರುಗಳಲ್ಲೂ ದಿನಗೂಲಿಯ ಒಂದು ಪಾಲು ಟಿಕೆಟ್‌ಗೆ ಹೋಗುತ್ತಿತ್ತು. ಸಿಮೆಂಟ್ ಕಾರ್ಖಾನೆ, ಕಲ್ಲಿನ ಗಣಿಗಳ ಈ ಸೀಮೆಯಲ್ಲಿ ನಿಷೇಧದ ಬೆಲೆ ಗೊತ್ತಿರುವುದು ಮನೆ ನಡೆಸುವವರಿಗೆ.

ಆದರೆ ಈ ನಿಷೇಧ ವಿಧಾನಮಂಡಲ ಮಾಡಿದ ಪ್ರತ್ಯೇಕ ಕಾಯ್ದೆಯಲ್ಲ, ಸರ್ಕಾರದ ಆದೇಶ. ಇದನ್ನು ನಮ್ಮ ಸಮಾಜದ ಕುಟುಂಬಗಳು ತಿಳಿದಿರಬೇಕು.

ಸಂವಿಧಾನದಲ್ಲಿ ಜೂಜು, ಬಾಜಿ ರಾಜ್ಯ ಪಟ್ಟಿಗೆ ಸೇರಿವೆ. ಸರ್ಕಾರಗಳೇ ನಡೆಸುವ ಲಾಟರಿ ಮಾತ್ರ ಕೇಂದ್ರ ಪಟ್ಟಿಯ 40ನೇ ನಮೂದು. ಅದಕ್ಕಾಗಿ ಸಂಸತ್ತು 1998ರಲ್ಲಿ ಲಾಟರಿ (ನಿಯಂತ್ರಣ) ಕಾಯ್ದೆ ಮಾಡಿತು. ಅದರ 4ನೇ ಕಲಂ ಷರತ್ತುಗಳನ್ನು ಹೇಳುತ್ತದೆ: ಒಂದಂಕಿಯ ಮೇಲೆ ಬಹುಮಾನ ಕೂಡದು, ಟಿಕೆಟ್ ಮೇಲೆ ರಾಜ್ಯದ ಮುದ್ರೆ ಇರಬೇಕು, ಡ್ರಾ ರಾಜ್ಯವೇ ನಡೆಸಬೇಕು, ಒಂದು ಲಾಟರಿಗೆ ವಾರಕ್ಕೆ ಒಂದೇ ಡ್ರಾ, ವರ್ಷಕ್ಕೆ ಬಂಪರ್ ಆರಕ್ಕಿಂತ ಹೆಚ್ಚಿಲ್ಲ. ಕೇರಳ ವಾರದ ಒಂದೊಂದು ದಿನಕ್ಕೆ ಒಂದೊಂದು ಹೆಸರಿನ ಲಾಟರಿ ನಡೆಸುವುದಕ್ಕೆ ಈ ‘ವಾರಕ್ಕೊಂದು’ ಷರತ್ತೇ ಕಾರಣ. ಷರತ್ತೂ ಉಳಿಯಿತು, ದಿನಾ ಡ್ರಾವೂ ನಡೆಯಿತು.

ಕಾಯ್ದೆಯ ಕೆಳಗೆ ಕೇಂದ್ರ 2010ರಲ್ಲಿ ನಿಯಮಗಳನ್ನು ತಂದಿತು. 12ನೇ ಕಲಂ ಪ್ರಕಾರ ರಾಜ್ಯಗಳೂ ನಿಯಮ ಮಾಡಬಹುದು. ರಾಜ್ಯಪತ್ರದಲ್ಲಿ ಪ್ರಕಟಿಸಿ, ಆಮೇಲೆ ಶಾಸನಸಭೆಯ ಮುಂದಿಡಬೇಕು. ಅಂದರೆ ನಿಯಮ ಮೊದಲು ಜಾರಿಗೆ ಬರುತ್ತದೆ, ಚರ್ಚೆ ಆಮೇಲೆ. ಕೇರಳ ತನ್ನ 2005ರ ನಿಯಮಗಳನ್ನು 2018ರಲ್ಲಿ ತಿದ್ದಿ ಹೊರರಾಜ್ಯದ ಲಾಟರಿಗಳ ಮೇಲೆ ಹಿಡಿತ ಬಿಗಿ ಮಾಡಿತು. ಅದು ಕೋರ್ಟಿನ ಮೆಟ್ಟಿಲೇರಿತು.

ನಮ್ಮ ರಾಜ್ಯಕ್ಕೆ ಮುಖ್ಯವಾದದ್ದು 5ನೇ ಕಲಂ. ಹೊರರಾಜ್ಯದ ಟಿಕೆಟ್ ಮಾರಾಟ ನಿಷೇಧಿಸುವ ಅಧಿಕಾರ ಇಲ್ಲಿದೆ. ಆದರೆ ತಾನೇ ಲಾಟರಿ ನಡೆಸುವ ರಾಜ್ಯ ಬೇರೆಯವರ ಲಾಟರಿಗೆ ಬಾಗಿಲು ಹಾಕುವಂತಿಲ್ಲ ಎಂದು ಬಿ.ಆರ್. ಎಂಟರ್‌ಪ್ರೈಸಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1999ರಲ್ಲಿ ಹೇಳಿದೆ. ಮುಂದೆಂದಾದರೂ ಆದಾಯದ ಆಸೆಗೆ ಕರ್ನಾಟಕ ಒಂದೇ ಒಂದು ಲಾಟರಿ ಆರಂಭಿಸಿದರೂ, ಎಲ್ಲ ರಾಜ್ಯಗಳ ಟಿಕೆಟ್‌ಗಳಿಗೂ ದಾರಿ ತೆರೆಯುತ್ತದೆ. ‘ನಮ್ಮದೊಂದು ಇರಲಿ’ ಎನ್ನುವ ಮಾತು ಬಂದಾಗ ಇದನ್ನು ನೆನಪಿಡಬೇಕು.

ವಾಡಿ ಜಂಕ್ಷನ್‌ನಿಂದ ಒಂದು ರೈಲು ಮಾರ್ಗ ಚಿತ್ತಾಪುರ, ಸೇಡಂ ದಾಟಿ ತೆಲಂಗಾಣಕ್ಕೆ ಹೋಗುತ್ತದೆ. ಇನ್ನೊಂದು ಶಹಾಬಾದ್ ಮೂಲಕ ಸೊಲ್ಲಾಪುರಕ್ಕೆ. ಮಹಾರಾಷ್ಟ್ರದಲ್ಲಿ ಸರ್ಕಾರಿ ಲಾಟರಿ ಇದೆ. ಅಲ್ಲಿಯ ಟಿಕೆಟ್ ತಂದು ಇಲ್ಲಿ ಮಾರುವುದು ಅಪರಾಧ. ಕಾಯ್ದೆಗೆ ವಿರುದ್ಧವಾಗಿ ಮಾರಿದವರಿಗಷ್ಟೇ ಅಲ್ಲ, ಕೊಂಡವರಿಗೂ ಎರಡು ವರ್ಷದವರೆಗೆ ಕಠಿಣ ಸಜೆ, ದಂಡ ಅಥವಾ ಎರಡನ್ನೂ 7ನೇ ಕಲಂ ವಿಧಿಸುತ್ತದೆ.

ಈಗಿನ ದೊಡ್ಡ ಅಪಾಯ ಮೊಬೈಲ್‌ನಲ್ಲಿದೆ. 2024ರ ಕೇರಳ ಓಣಂ ಬಂಪರ್‌ನ 25 ಕೋಟಿ ರೂಪಾಯಿ ಮಂಡ್ಯ ಜಿಲ್ಲೆಯವರೊಬ್ಬರಿಗೆ ಬಂದದ್ದು ಎಲ್ಲರಿಗೂ ಗೊತ್ತು. ‘ಕೇರಳ ಲಾಟರಿ ಆನ್‌ಲೈನ್’ ಎಂಬ ಸಂದೇಶಗಳು ಇಂಥ ಸುದ್ದಿಯನ್ನೇ ಬಂಡವಾಳ ಮಾಡಿಕೊಳ್ಳುತ್ತವೆ. ಕೇರಳ ಸರ್ಕಾರ ಆನ್‌ಲೈನ್‌ನಲ್ಲಿ ಟಿಕೆಟ್ ಮಾರುವುದೇ ಇಲ್ಲ. ಹಣ ಕಳೆದುಕೊಂಡವರು ತಡಮಾಡದೆ 1930ಕ್ಕೆ ಕರೆ ಮಾಡಬೇಕು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಪ್ರತ್ಯೇಕ ಕಾಯ್ದೆಯಿಂದಲೇ ನಿಷೇಧಿಸಿದೆ.

ಸಪ್ತ ವ್ಯಸನಗಳಲ್ಲಿ ದ್ಯೂತಕ್ಕೆ ಮೊದಲ ಸ್ಥಾನ ಎಂದು ಪಾಠಶಾಲೆಯಲ್ಲಿ ಮಕ್ಕಳು ಕಲಿಯುತ್ತಾರೆ. ಆ ವ್ರತವನ್ನು ಸರ್ಕಾರದ ಆದೇಶ ತಿದ್ದಲಾರದು. ಆದರೆ ನೆರೆಹೊರೆಯ ಕೂಲಿಕಾರರ ಮನೆಯನ್ನು ಕಾಯುತ್ತಿರುವುದು ಆ ಆದೇಶವೇ. ಅದನ್ನು ಸಡಿಲಿಸುವ ಪ್ರಸ್ತಾಪ ಬಂದರೆ, ರಾಜ್ಯಪತ್ರದಲ್ಲಿ ಅಚ್ಚಾಗುವ ಮೊದಲೇ ನಮ್ಮ ಶಾಸಕರಿಗೆ ಪತ್ರ ಬರೆಯೋಣ.