ಚೀಲದ ಮೇಲಿನ ಪ್ರೊಟೀನ್ ಮೈಗೆ ಹತ್ತೀತೇ?

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ತಾಲ್ಲೂಕುಗಳಿಗೆ ಕೃಷ್ಣೆ, ಘಟಪ್ರಭೆಯರ ನೀರು ಕಬ್ಬನ್ನು ಕೊಟ್ಟಿತು. ಅದೇ ನೀರು ಅತಿಯಾದಲ್ಲಿ ಹೊಲ ಸವಳು-ಜವಳಾಯಿತು. ಕಬ್ಬು ಏಳದ ಇಂಥ ನೆಲದಲ್ಲಿ ಹೊಂಡ ತೋಡಿ ಮೀನು ಸಾಕಬಹುದು ಎಂಬ ಸಲಹೆ ಸರಿಯಾದದ್ದೇ. ಆದರೆ ಹೊಂಡದ ಲೆಕ್ಕ ಆಲಮಟ್ಟಿ ಹಿನ್ನೀರಿನ ಲೆಕ್ಕವಲ್ಲ. ಹಿನ್ನೀರಿನ ಮೀನು ತನ್ನ ಹೊಟ್ಟೆಯನ್ನು ತಾನೇ ಹೊರೆದುಕೊಳ್ಳುತ್ತದೆ. ಹೊಂಡದಲ್ಲಿ ಒತ್ತಾಗಿ ಸಾಕಿದ ಮೀನಿಗೆ ಆಹಾರವನ್ನು ನಾವೇ ಹಾಕಬೇಕು. ಒಟ್ಟು ಖರ್ಚಿನ ಅರ್ಧಕ್ಕಿಂತ ಹೆಚ್ಚು ಅದಕ್ಕೇ ಹೋಗುತ್ತದೆ. ಇಷ್ಟು ದೊಡ್ಡ ಖರ್ಚನ್ನು ಚೀಲದ ಮೇಲೆ ಅಚ್ಚಾದ ‘ಪ್ರೊಟೀನ್ ಶೇ 28’ ಎಂಬ ಒಂದೇ ಅಂಕಿಯಿಂದ ಅಳೆಯುತ್ತಿರುವುದರಿಂದಲೇ ರೈತ ಸೋಲುತ್ತಿದ್ದಾನೆ ಎಂಬುದು ನನ್ನ ವಾದ. ಆಹಾರದಲ್ಲಿರುವ ಸಾರಜನಕವನ್ನು ಅಳೆದು 6.25ರಿಂದ ಗುಣಿಸಿದರೆ ಬರುವುದು ಆ ಅಂಕಿ. ಸಾರಜನಕ ಸೋಯಾದಿಂದ ಬಂತೋ ಯೂರಿಯಾದಿಂದ ಬಂತೋ, ಅದು ಹೇಳದು. 2008ರಲ್ಲಿ ಚೀನಾದಲ್ಲಿ ಹಸುಗೂಸುಗಳ ಹಾಲಿನ ಪುಡಿಗೆ ಸಾರಜನಕಭರಿತ ರಾಸಾಯನಿಕ ಮೆಲಮೈನ್ ಬೆರೆತದ್ದು ಬಯಲಾಯಿತಲ್ಲ, ಬೆರೆಸಿದವರು ದುರುಪಯೋಗ ಮಾಡಿಕೊಂಡದ್ದು ಅಳತೆಯ ಈ ಕುರುಡುತನವನ್ನೇ.

ತಿಂದ ಪ್ರೊಟೀನ್ ಮೀನಿನ ಕರುಳಿನಲ್ಲಿ ಅಮೈನೊ ಆಮ್ಲಗಳಾಗಿ ಒಡೆಯುತ್ತದೆ; ಮಾಂಸ ಕಟ್ಟಿಕೊಳ್ಳುವುದು ಅವುಗಳಿಂದ. ಲೈಸಿನ್, ಮೆಥಿಯೊನಿನ್, ಆರ್ಜಿನಿನ್ ಮೊದಲಾದ ಹತ್ತನ್ನು ಮೀನು ತಾನಾಗಿ ತಯಾರಿಸಿಕೊಳ್ಳಲಾರದು. ಹತ್ತರಲ್ಲಿ ಒಂದು ಕೊರತೆಯಾದರೂ ಬೆಳವಣಿಗೆ ಆ ಒಂದರ ಮಟ್ಟಕ್ಕೇ ನಿಲ್ಲುತ್ತದೆ. ಕಟ್ಲಾ ಮೀನಿಗೆ ಯಾವುದು ಎಷ್ಟು ಬೇಕೆಂದು ಜೆ. ರವಿ ಮತ್ತು ಕೆ.ವಿ. ದೇವರಾಜ್ 1991ರಲ್ಲೇ ಪ್ರಕಟಿಸಿದ್ದಾರೆ: 100 ಗ್ರಾಂ ಪ್ರೊಟೀನಿನಲ್ಲಿ 6.23 ಗ್ರಾಂ ಲೈಸಿನ್, 3.55 ಗ್ರಾಂ ಮೆಥಿಯೊನಿನ್. ಈಗ ನಮ್ಮಲ್ಲಿ ರೂಢಿಯಲ್ಲಿರುವ ಶೇಂಗಾ ಹಿಂಡಿ ಮತ್ತು ಅಕ್ಕಿ ತೌಡಿನ ಸಮಪಾಲು ಮಿಶ್ರಣವನ್ನು ನೋಡಿ. ಕಚ್ಚಾ ಪ್ರೊಟೀನ್ ಶೇ 29ರ ಆಸುಪಾಸು. ಕಾಗದದ ಮೇಲೆ ಬಲು ಚೆಂದ. ಆದರೆ ಅದರ ಲೈಸಿನ್ ಬೇಕಾದುದರ ಅರ್ಧಕ್ಕಿಂತ ತುಸು ಹೆಚ್ಚು, ಮೆಥಿಯೊನಿನ್ ಸುಮಾರು ಮೂರರಲ್ಲೊಂದು ಪಾಲು. ಜೊತೆ ಸಿಗದೆ ಉಳಿದ ಅಮೈನೊ ಆಮ್ಲಗಳನ್ನು ಮೀನು ಕೂಡಿಟ್ಟುಕೊಳ್ಳಲಾರದು. ಅವನ್ನು ಉರಿಸಿ, ಸಾರಜನಕವನ್ನು ಅಮೋನಿಯಾ ಮಾಡಿ ಕಿವಿರಿನಿಂದ ಹೊರಹಾಕುತ್ತದೆ. ರೈತ ದುಡ್ಡು ಕೊಟ್ಟು ತಂದ ಹಿಂಡಿ ಹೀಗೆ ಅದೇ ಹೊಂಡದ ನೀರನ್ನು ಕೆಡಿಸುತ್ತದೆ.

ಈ ತತ್ವ ಉತ್ತರ ಕರ್ನಾಟಕದ ಅಡುಗೆಮನೆಗೆ ಹೊಸದಲ್ಲ. ಜೋಳದಲ್ಲಿ ಲೈಸಿನ್ ಕಡಿಮೆ, ಕಾಳಿನಲ್ಲಿ ಹೇರಳ; ಕಾಳಿನಲ್ಲಿ ಮೆಥಿಯೊನಿನ್ ಕಡಿಮೆ, ಜೋಳ ಅದನ್ನು ತುಂಬಿಕೊಡುತ್ತದೆ. ರೊಟ್ಟಿಯ ಪಕ್ಕದಲ್ಲಿ ಹೆಸರುಕಾಳಿನ ಪಲ್ಯ ಇರುವುದು ನಾಲಿಗೆಯ ರುಚಿಗಷ್ಟೇ ಅಲ್ಲ. ಹಿಂಡಿಗಳ ನಂಟೂ ಇಂಥದ್ದೇ. ಸೋಯಾ ಹಿಂಡಿಯ ಪ್ರೊಟೀನಿನಲ್ಲಿ ಲೈಸಿನ್ ಶೇ 6ರಷ್ಟಿದ್ದು ಕಟ್ಲಾದ ಅಗತ್ಯದ ಹತ್ತಿರ ಬರುತ್ತದೆ, ಮೆಥಿಯೊನಿನ್ ಸಾಲದು. ಎಳ್ಳು, ಸೂರ್ಯಕಾಂತಿ ಹಿಂಡಿಗಳಲ್ಲಿ ಲೈಸಿನ್ ಸಾಲದು, ಮೆಥಿಯೊನಿನ್ ಶೇಂಗಾಕ್ಕಿಂತ ಎಷ್ಟೋ ಮೇಲು. ಇವನ್ನು ಬೆರೆಸಿದರೆ ಒಂದರ ತೂತನ್ನು ಇನ್ನೊಂದು ಮುಚ್ಚುತ್ತದೆ. ಎಚ್ಚರಿಕೆಯೂ ಬೇಕು: ಹಸಿ ಸೋಯಾದಲ್ಲಿ ಜೀರ್ಣಕ್ಕೆ ಅಡ್ಡಬರುವ ಅಂಶವಿದೆ, ಬೇಯಿಸದೆ ಹಾಕಬಾರದು, ಹತ್ತಿಕಾಳಿನ ಗಾಸಿಪಾಲ್ ಎಂಬ ಅಂಶ ಇದ್ದ ಲೈಸಿನ್ನನ್ನೂ ಹಿಡಿದಿಟ್ಟುಕೊಳ್ಳುತ್ತದೆ, ಬೂಸ್ಟು ಹಿಡಿದ ಶೇಂಗಾ ಹಿಂಡಿಯ ಅಫ್ಲಾಟಾಕ್ಸಿನ್ ಯಕೃತ್ತಿಗೆ ವಿಷ.

ಹೊಂಡಕ್ಕೆ ಸಗಣಿ ಗೊಬ್ಬರ ಹಾಕಿದರೆ ನೀರಿನಲ್ಲಿ ತೇಲುವ ಸೂಕ್ಷ್ಮಜೀವಿಗಳಾದ ಪ್ಲವಕಗಳು ಬೆಳೆಯುತ್ತವೆ, ಅವುಗಳಲ್ಲಿ ಎಲ್ಲ ಅಮೈನೊ ಆಮ್ಲಗಳೂ ಇವೆ, ಈ ತಲೆನೋವು ಯಾಕೆ ಎಂಬುದು ಗಟ್ಟಿಯಾದ ಆಕ್ಷೇಪವೇ. ಮಣ್ಣಿನ ತಳದ ಹೊಂಡದಲ್ಲಿ ಮರಿಗಳನ್ನು ವಿರಳವಾಗಿ ಬಿಟ್ಟವರಿಗೆ ಅದು ಪೂರ್ತಿ ನಿಜ. ಅವರಿಗೆ ತೌಡು-ಹಿಂಡಿಯೇ ಸಾಕು. 1991ರ ಅಂಕಿಗಳು ಪ್ಲವಕದ ನೆರವಿಲ್ಲದ ಪ್ರಯೋಗಾಲಯದವು ಎಂಬುದನ್ನೂ ಒಪ್ಪಬೇಕು. ಆದರೆ ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡದಲ್ಲಿ ತಳದ ಮಣ್ಣಿಲ್ಲ, ಮಣ್ಣಿನ ಹುಳುಗಳಿಲ್ಲ. ಮರಿಗಳ ಸಂಖ್ಯೆ ಏರಿದಂತೆ, ಮೀನಿನ ತೂಕ ಹೆಚ್ಚಿದಂತೆ ಪ್ಲವಕದ ಪಾಲು ಕರಗುತ್ತದೆ. ಕೊರತೆ ಬಯಲಾಗುವುದು ಆಗಲೇ. ಹಾಗಾದರೆ ಲೈಸಿನ್ ಪುಡಿಯನ್ನೇ ಬೆರೆಸಿದರಾಯಿತಲ್ಲ ಎಂಬವರಿಗೂ ಉತ್ತರವಿದೆ. ಕಟ್ಲಾದಂಥ ಗೆಂಡೆ ಜಾತಿಯ ಮೀನುಗಳಿಗೆ ಜಠರವಿಲ್ಲ. ಪುಡಿಯ ಅಮೈನೊ ಆಮ್ಲ ಹಿಂಡಿಯದಕ್ಕಿಂತ ಮೊದಲೇ ರಕ್ತ ಸೇರಿಬಿಡುವುದರಿಂದ ಎರಡಕ್ಕೂ ಮೇಳ ತಪ್ಪುತ್ತದೆ; ಒಂದಿಷ್ಟು ನೀರಿನಲ್ಲೇ ಕರಗಿಹೋಗುತ್ತದೆ. ಹಿಂಡಿಗಳ ಮಿಶ್ರಣವೇ ಬುನಾದಿಯಾಗಬೇಕು. ಅದಾದ ಮೇಲೂ ಉಳಿಯುವ ಮೆಥಿಯೊನಿನ್ ಕೊರತೆಗೆ ಪುಡಿ ಬೇಕಾದೀತು, ಅದೂ ದಿನದ ಆಹಾರವನ್ನು ಹಲವು ಸಲ ಹಂಚಿ ಹಾಕುವವರಿಗೆ.

ಇದನ್ನೆಲ್ಲ ರೈತ ಒಬ್ಬನೇ ಲೆಕ್ಕಹಾಕಲಿ ಎನ್ನುವುದು ನ್ಯಾಯವಲ್ಲ. 2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆ ಸಣ್ಣ ಮೀನಾಹಾರ ಗಿರಣಿಗಳಿಗೂ ಸಹಾಯಧನ ಕೊಡುತ್ತದೆ. ಕೃಷ್ಣಾ-ಘಟಪ್ರಭಾ ತೀರದ ಈ ನಾಲ್ಕು ತಾಲ್ಲೂಕುಗಳಲ್ಲಿ ಅಂಥ ಒಂದು ಗಿರಣಿ ಎದ್ದರೂ ಹಿಂಡಿಗಳನ್ನು ಅಳೆದು ಬೆರೆಸುವ ಕೆಲಸ ಊರ ಹತ್ತಿರವೇ ಆದೀತು. ಸಹಾಯಧನಕ್ಕೆ ಒಂದು ಷರತ್ತೂ ಇರಲಿ: ಚೀಲದ ಮೇಲೆ ಪ್ರೊಟೀನಿನ ಪಕ್ಕದಲ್ಲೇ ಲೈಸಿನ್ ಎಷ್ಟು, ಮೆಥಿಯೊನಿನ್ ಎಷ್ಟು ಎಂದು ಕನ್ನಡದಲ್ಲಿ ಅಚ್ಚಾಗಬೇಕು. ಇದರಿಂದ ಬೆಲೆ ಏರುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. ಕೋಳಿ ಆಹಾರದ ಉದ್ಯಮ ಈ ಎರಡೂ ಅಂಕಿಗಳ ಮೇಲೆಯೇ ದಶಕಗಳಿಂದ ಮಿಶ್ರಣ ಮಾಡುತ್ತಾ ಬಂದಿರುವುದು ಖರ್ಚು ಇಳಿಸುವುದಕ್ಕಾಗಿಯೇ.